ಏಳನೆಯ ಚಾನೆಲ್ಲು

ಬೈತಖೋಲದ ಐಸ್ ಫ್ಯಾಕ್ಟರಿಯ ಹಿಂದೆ
ಉಪ್ಪು ತಿಂದ ತಗಡಿನ ಶೆಡ್ಡಿನಲ್ಲಿ,
ತೊಂಬತ್ತೊಂಬತ್ತರ ಮಳೆಗಾಲ,
ಬೋಟುಗಳೆಲ್ಲ ದಡ ಹತ್ತಿ ಮಲಗಿದ್ದಾಗ
ಕಾಯ್ತಾನ ಗಿಟಾರು ಬಾರಿಸುತ್ತಿದ್ದ.

ಬಾರಿಸುತ್ತಿದ್ದ ಅನ್ನುವುದು ದೊಡ್ಡ ಮಾತು.
ವಾರಕ್ಕೊಮ್ಮೆ ತಂತಿಗೆ ತುಕ್ಕು.
ಮಡಗಾಂವಿಂದ ಹೊಸದು ತರಲು ಕಾಸಿಲ್ಲದೆ
ತೆಂಗಿನೆಣ್ಣೆ ಸವರುತ್ತಿದ್ದ;
ಒಮ್ಮೆ ದಪ್ಪ ತಂತಿಯ ಜಾಗಕ್ಕೆ ಸೈಕಲ್ಲಿನ ಬ್ರೇಕ್ ವಾಯರು.
ಡ್ರಮ್ಮು ದತ್ತಾ ತಾಂಡೇಲನದು. ಅಂದರೆ
ಮೀನಿನ ಎರಡು ಬ್ಯಾರೆಲ್ಲು, ಸೀಳಿದ ಒಂದು ತಾಳ.
ಹೊಡೆದಾಗಲೆಲ್ಲ ಬಂಗಡೆಯ ವಾಸನೆ ಏಳುತ್ತಿತ್ತು.
ನಾನು ಉಳ್ವೇಕರ್ ಸೌಂಡ್ಸಿನ ಕಿರಿಯ ಮಗ, ಹದಿನಾಲ್ಕು ವರ್ಷ.
ಮದುವೆಮನೆಗೆ ಹೋಗಬೇಕಾದ ಆಂಪ್ಲಿಫೈಯರು
ಅಪ್ಪನ ಕಣ್ಣು ತಪ್ಪಿಸಿ ಇಲ್ಲಿಗೆ ಬರುತ್ತಿತ್ತು.

ಸುಳ್ಳು ಯಾಕೆ, ಅವರಿಗೂ ವೇಷ ಇತ್ತು.
ಆ ಸೆಕೆಯಲ್ಲೂ ಕರೀ ಅಂಗಿ, ಹೆಗಲಿಗಿಳಿದ ಕೂದಲು.
ಒಡೆದ ಕನ್ನಡಿಯೆದುರು ಕಾಯ್ತಾನ
ಹುಬ್ಬು ಗಂಟಿಕ್ಕುವುದನ್ನು ಕಲಿಯುತ್ತಿದ್ದ.
ಹಾಡು ಶುರುವಾದರೆ ಹುಬ್ಬು ಮರೆತುಹೋಗುತ್ತಿತ್ತು.
ಅವನದೇ ಕಟ್ಟು, ಕೊಂಕಣಿಯಲ್ಲಿ:
ನೌಕಾನೆಲೆಗೆ ಹೋದ ಅರ್ಗಾದ ಮನೆ,
ಬೇಲಿಯೊಳಗೆ ಬಾವಿ, ಬೇಲಿಯಾಚೆ ಕೊಡ.
ಹಾಡುವಾಗ ಗಂಟಲು ಹರಿಯುತ್ತಿತ್ತು,
ಪ್ರತಿಸಲ ಬೇರೆ ಜಾಗದಲ್ಲಿ.

ಪಣಜಿಯ ಕ್ಯಾಸೆಟ್ಟಿನವನೊಬ್ಬ ಬಂದು ಕೇಳಿದ.
ಬಾವಿ ತೆಗೆಯಿರಿ, ಹುಡುಗಿ ಹಾಕಿ ಅಂದ,
ದತ್ತನ ಹಲ್ಲು ಸರಿಮಾಡಿಸಿ ಅಂದ.
ದತ್ತನ ಹಲ್ಲು ಹಾಗೇ ಉಳಿದವು.
ಬ್ಯಾಂಡು ಉಳಿಯಲಿಲ್ಲ.

ಮೊನ್ನೆ ತೀರದಲ್ಲಿ ಉತ್ಸವ.
ಆರು ಲಾರಿಯಲ್ಲಿ ವೇದಿಕೆ, ಹಡಗಿನಷ್ಟು ಪರದೆ,
ಮುಂಬಯಿಯಿಂದ ಬಂದವಳು. ಹೆಸರು ಯಾಕೆ,
ಕಾಳಿ ದಾಟಿ ಸದಾಶಿವಗಡದ ತನಕ
ಕಂಬಕಂಬಕ್ಕೂ ಅದೇ ನಗು ಕಟ್ಟಿದ್ದರು.
ಮ್ಯಾನೇಜರು ಪೆನ್‌ಡ್ರೈವ್ ಕೊಟ್ಟ:
ಹಾಡು ಇದರಲ್ಲಿದೆ. ಅವಳ ಮೈಕು ಏಳನೆಯ ಚಾನೆಲ್ಲು,
ಕೆಳಗೇ ಇರಲಿ.
'ನಮಸ್ಕಾರ ಕಾರವಾರ' ಅನ್ನುವಾಗ ಮಾತ್ರ ಎತ್ತು.
ಅದನ್ನೂ ಅಂಗೈಯಲ್ಲಿ ಬರೆದುಕೊಂಡಿದ್ದಳು.

ಸರಿ ಅಂದೆ. ಮಗಳ ಫೀಸಿನ ತಿಂಗಳು.

ಕೆಳಗಿಟ್ಟ ಚಾನೆಲ್ಲು ಸತ್ತಿರುವುದಿಲ್ಲ.
ಒಂದು ಗುಂಡಿ ಒತ್ತಿದರೆ
ನನ್ನ ಹೆಡ್‌ಫೋನಿಗೆ ಮಾತ್ರ ಕೇಳುತ್ತದೆ.
ಅಷ್ಟು ಸಾವಿರ ಜನಕ್ಕೆ ಒಂದು ಹಾಡು,
ನನ್ನೊಬ್ಬನಿಗೆ ಇನ್ನೊಂದು:
ಏದುಸಿರು, ಹೆಜ್ಜೆ ಎಣಿಸುವ ಪಿಸುಮಾತು,
ಕಾಲು ಕಚ್ಚಿದ ಚಪ್ಪಲಿಗೊಂದು ಬೈಗುಳ.
ಆಮೇಲೆ, ಮೂರನೆಯ ಹಾಡಿನ ನಡುವೆ, ಯಾಕೋ
ಅವಳು ಹಾಡತೊಡಗಿದಳು.

ಅಪಸ್ವರ. ಮೇಲಿನದು ಮುಟ್ಟಲಾಗದೆ
ಕೆಳಗೆ ಜಾರಿದಳು, ಜಾರಿದಲ್ಲೇ
ಏನೋ ಸಿಕ್ಕವಳಂತೆ ನಿಂತಳು.
ಪೆನ್‌ಡ್ರೈವಿನ ಹೆಂಗಸಿಗೆ ಜಾರುವುದು ಗೊತ್ತಿರಲಿಲ್ಲ.

ಬೆರಳು ಏಳರ ಮೇಲಿತ್ತು.
ತಳ್ಳಿದೆ ಅನ್ನಲಾರೆ. ಬೆವರಿಗೆ ಸರಿಯಿತು ಅಂದುಕೊಳ್ಳಿ,
ಅಕ್ಕಿಕಾಳಿನಷ್ಟು.

ಪರದೆ ಹೊಳೆಯುತ್ತಿತ್ತು. ಎತ್ತಿದ ಮೊಬೈಲುಗಳಲ್ಲಿ
ಪುಟ್ಟ ಪುಟ್ಟ ಪರದೆ ಹೊಳೆಯುತ್ತಿತ್ತು.
ಯಾರಿಗೂ ತಿಳಿಯಲಿಲ್ಲ.
ಅವಳಿಗೆ ತಿಳಿಯಿತು. ತನ್ನ ದನಿ ತನಗೇ ಎಡವಿ
ಹೆಜ್ಜೆಯೊಂದು ತಪ್ಪಿ, ನಾನು ಕೂತ ಕತ್ತಲಿನತ್ತ ನೋಡಿದಳು.
ಸಿಟ್ಟೋ ಏನೋ, ಅಷ್ಟು ದೂರದಿಂದ ಹೇಗೆ ಹೇಳಲಿ.
ಮತ್ತೆ ಜನರೇಟರಿನ ಬಳಿ
ಡೀಸೆಲ್ ಕ್ಯಾನು ಹಿಡಿದ ಬೋಳುತಲೆಯೊಂದು
ಥಟ್ಟನೆ ತಿರುಗಿತು.

ಕಾಯ್ತಾನ. ಹಗಲು ಟ್ರಾಲರಿನ ಇಂಜಿನು ಬಿಚ್ಚುತ್ತಾನೆ,
ರಾತ್ರಿ ಕಾರ್ಯಕ್ರಮವಿದ್ದರೆ ನನ್ನ ಜನರೇಟರಿಗೆ ಕಾವಲು.
ಹಳೆಯದನ್ನು ಎತ್ತಿದರೆ
'ಯಾವ ಗಿಟಾರು?' ಅನ್ನುತ್ತಾನೆ.

ನನ್ನ ಬಿಲ್ಲಿನಲ್ಲಿ ಮೂರು ಸಾವಿರ ಮುರಿದರು.
ಕಾರಣ: ಗದ್ದಲ.

ಬೆಳಿಗ್ಗೆ ಒದ್ದೆ ಮರಳಿನಲ್ಲಿ ಕೇಬಲ್ಲು ಸುತ್ತುತ್ತಿದ್ದೆವು.
ಜ್ಯಾಕಿಗೆ ಕೂತ ಉಪ್ಪನ್ನು ಅಂಗಿಯ ತುದಿಯಲ್ಲಿ ಒರೆಸುತ್ತ
ಕಾಯ್ತಾನ ಕೇಳಿದ:
'ನಡುವೆ ಒಬ್ಬಳು ಬಂದು ಹಾಡಿ ಹೋದಳಲ್ಲ,
ಯಾರೋ ಅವಳು?'

ಕಂಬದ ಮೇಲಿನ ನಗುವನ್ನು ನೋಡಿದೆ.
ಹೋಲಿಕೆಯೇ ಇರಲಿಲ್ಲ.
ಗೊತ್ತಿಲ್ಲ ಅಂದೆ.