ಗಾಜಿನ ಮೇಲೆ ಮಾಬುಸಾಬ

ಗಾಜಿನ ಪಟ್ಟಿಯ ಮೇಲೆ ಒಣಗಿದೆ
ಮಾಬುಸಾಬನ ಬೆರಳ ತುದಿಯ ಒಂದು ಹನಿ.
ನೇರಳೆ ಬಣ್ಣ ಹೊಯ್ದು, ತೊಳೆದು,
ಎಣ್ಣೆಯ ಬೊಟ್ಟಿಟ್ಟು ಕಣ್ಣು ಕೀಲಿಸಿದ್ದೇನೆ.
ಹೊರಗೆ ಹಟ್ಟಿ ಗಣಿಯ ಎರಡನೇ ಪಾಳಿಯ ಭೋಂಗಾ.
ಬೆಂಚಿನ ಮೇಲೆ, ಕಂಬಳಿಯೊಳಗೆ, ಅವನ ಹಲ್ಲು ಕಟಕಟ.

"ಏನ್ ಕಾಣಸ್ತದವಾ ಅದರಾಗ?"

ಹೇಗೆ ಹೇಳಲಿ.
ಕೆಂಪು ಕಣದೊಳಗೆ ಬಾಡಿಗೆಗೆ ಬಂದ ಒಂದು ಜೀವ
ಬಾಡಿಗೆ ಕೊಡದೆ ಮನೆಯನ್ನೇ ತಿನ್ನುತ್ತಿದೆ.
ಅದಕ್ಕೆ ಹಲ್ಲಿಲ್ಲ ಕಾಕಾ, ಕತ್ತರಿಗಳಿವೆ.
ಪ್ರೋಟಿಯೇಸ್ ಅಂತಾರೆ ಪುಸ್ತಕದಲ್ಲಿ.
ಒಂದು, ರಕ್ತದ ಗಂಟನ್ನು ಮೊದಲು ಸಡಿಲಿಸುತ್ತದೆ,
ಇನ್ನೊಂದು ಸಿಕ್ಕಲ್ಲಿ ಸೀಳುತ್ತದೆ,
ಮತ್ತೊಂದು ಚೂರಿನ ತುದಿ ತುದಿ ಕಡಿದು
ಮಣಿ ಮಣಿಯಾಗಿ ಉದುರಿಸುತ್ತದೆ.
ನಿನ್ನ ಮಣಿ. ಅದರ ಮೈ.

ಇಪ್ಪತ್ತೆರಡು ವರ್ಷ ಕಲ್ಲು ಅರೆಸಿದವನು
ಕಂಬಳಿ ಸರಿಸಿ ಎದ್ದು ಕೂತ.
"ದೊಡ್ಡ ಕ್ರಷರು, ಸಣ್ಣ ಕ್ರಷರು, ಆಮ್ಯಾಲ ಬಾಲ್ ಮಿಲ್ಲು.
ನಮ್ಮ ಗಿರಣಿ ಇದ್ದಂಗ ಅದ ನೋಡು.
ಖರೆ, ಉಳಿದದ್ದು ಎಲ್ಲಿ ಚೆಲ್ಲತಾವ?"

ಲ್ಯಾಬಿನ ಈ ಸ್ಟೂಲಿನ ಮೇಲೆ ಕೂತಾಗಿನಿಂದ
ಯಾರೂ ಕೇಳದ ಪ್ರಶ್ನೆ.

ಅದನ್ನೇ ಕಾಕಾ ನಾನು ನೋಡುತ್ತಿರುವುದು:
ಕಂದುಗಪ್ಪು ಹರಳು,
ತಿಂದು ಮಿಕ್ಕ ಕಬ್ಬಿಣದ ವಿಷ.
ಚೆಲ್ಲಲು ಅದಕ್ಕೆ ಊರಾಚೆ ಎಂಬುದಿಲ್ಲ,
ಹೊಟ್ಟೆಯೊಳಗೇ ಗುಡ್ಡ ಹಾಕಿ
ಅದರ ಮಗ್ಗುಲಲ್ಲೇ ದಪ್ಪಗಾಗುತ್ತದೆ.
ಹದಿನೈದಿಪ್ಪತ್ತು ಮರಿ ತುಂಬಿದ ಹೊತ್ತಿಗೆ
ಬೇರೆಯದೇ ಒಂದು ಕತ್ತರಿ ಎದ್ದು
ಗೋಡೆಯ ಹೊಲಿಗೆ ಬಿಚ್ಚುತ್ತದೆ.
ಆಗ ನಿನಗೆ ನಡುಕ,
ದಿನ ಬಿಟ್ಟು ದಿನ, ಭೋಂಗಾ ಹೊಡೆದಂತೆ.

ಕತ್ತರಿಯ ಬಾಯಿಗೆ ಹರಳು ಸಿಕ್ಕಿಸುವ ಔಷಧ
ಇನ್ನೂ ಯಾರದೋ ಲ್ಯಾಬಿನಲ್ಲಿ ಅರ್ಧ ದಾರಿಯಲ್ಲಿದೆ.
ಇಲ್ಲಿ ಕೊಡುವ ಕಹಿ ಬಿಳಿ ಗುಳಿಗೆ
ಕತ್ತರಿಯ ತಂಟೆಗೇ ಹೋಗುವುದಿಲ್ಲ.
ಗುಡ್ಡ ಹಾಕಲು ಬಿಡುವುದಿಲ್ಲ, ಅಷ್ಟೇ.
ತನ್ನ ಕಸದಲ್ಲಿ ತಾನೇ ಸಾಯುತ್ತದೆ.

ಮಾಬುಸಾಬ ಮಾತಾಡಲಿಲ್ಲ.
ಕಿಟಕಿಯಾಚೆ, ಊರಂಚಿನಲ್ಲಿ,
ಚಿನ್ನ ತೆಗೆದಾದ ಮೇಲಿನ ಬೂದುಗುಡ್ಡ.
ನೆತ್ತಿಯಿಂದ ಎದ್ದ ಪುಡಿ
ಗಾಳಿ ಹೇಳಿದ ಕಡೆ, ಮನೆಗಳ ಕಡೆ.
ಅವನು ಬಹಳ ಹೊತ್ತು ನೋಡಿದ.
ಆಮೇಲೆ ಕೇಳಿದ್ದು ಇಷ್ಟೇ:
"ಗುಳಿಗಿ ನೀರಾಗ ನುಂಗ್ಲ್ಯೋ, ಚಾದಾಗೋ?"

ವರದಿಯಲ್ಲಿ ಬರೆದೆ: ವೈವ್ಯಾಕ್ಸ್, ಎರಡು ಪ್ಲಸ್.
ಗುಡ್ಡದ ಬಗ್ಗೆ ಬರೆಯಲು
ಫಾರ್ಮಿನಲ್ಲಿ ಖಾನೆಯಿಲ್ಲ.