ಹೆಂಗ ಹತ್ಯಾದ?

ಹಾರ್ನ್ ಒತ್ತಿದರ ಲೈಟು ಸಣ್ಣ ಆಗ್ತಿತ್ತು.
ಬ್ರೇಕ್ ತುಳಿದರ ಎಡಗಡಿ ಇಂಡಿಕೇಟರ್
ತನಗ ಸಂಬಂಧ ಇಲ್ಲದ ಮಾತಿಗಿ ಗೋಣು ಹಾಕೋರಂಗ
ಮಿಣಕ್ ಮಿಣಕ್ ಅಂತಿತ್ತು.
ವಾಡಿ ಗೇಟಿನ ಹತ್ತಿರ ಒಂದು ತೆಗ್ಗು.
ಧಡ್.
ಪೂರಾ ಕತ್ತಲಿ.

ಹಿಂದ ಸೀಟಿಲ್ಲದ ಜಾಗಾದಾಗ ನಲವತ್ತೆರಡು ಡಬ್ಬಿ:
ಪುಂಡಿಪಲ್ಯ, ರೊಟ್ಟಿ, ಒಂದೊಂದು ಉಳ್ಳಾಗಡ್ಡಿ,
ಹನ್ನೊಂದರ ಗೂಡ್ಸ್ ಎಳಿಯೋ ಮಂದಿಗಿ.
ಓಮ್ನಿಗಿ ಇಪ್ಪತ್ತಾರು ವರ್ಷ.
ನಂಗ ಅದಕ್ಕಿಂತ ಹತ್ತು ಜಾಸ್ತಿ.

ನೂಕಿದೆವು, ನಾನೂ ಚಾದಂಗಡಿ ಇಬ್ಬರು ಹುಡುಗರೂ,
ಲಾಡ್ಲೆ ಉಸ್ತಾದನ ಅಂಗಡಿ ತನಕ.
ಉಸ್ತಾದಗ ಕಣ್ಣು ಹೋಗಿ ಮೂರು ವರ್ಷ.
ಅಂಗಡಿ ಮುಚ್ಚಿಲ್ಲ. ಬಾಗಿಲದಾಗ ಸ್ಟೂಲು ಹಾಕ್ಕೊಂಡು
ಹೋಗೋ ಗಾಡಿಗಳ ಸಪ್ಪಳ ಕೇಳಿ ಬ್ಯಾನಿ ಹೇಳ್ತಾನ.
"ಯಾರು, ಸೂಗಮ್ಮ?
ಗಾಡಿ ಇವತ್ತ ನಿನ್ನ ಕಾಲಿಲೆ ನಡದು ಬಂತಲ್ಲ!"

"ಕೈ ನಿಂದು, ತಲಿ ನಂದು. ಸೀಟು ಎತ್ತು."
ಟೆಸ್ಟ್ ಲ್ಯಾಂಪು ಕೊಟ್ಟ: ಒಂದು ಬಲ್ಬು, ಎರಡು ವಾಯರು,
ಒಂದರ ತುದಿಗಿ ಕ್ಲಿಪ್ಪು, ಒಂದಕ್ಕ ದಬ್ಬಣ.
ಬ್ಯಾಟ್ರಿಗಿ ಹಚ್ಚಿದೆ. ಝಗ್ ಅಂತು.
"ಹಂಗಾದ್ರ ಮನ್ಯಾಗ ಕಾಳು ಅದಾವ,
ಒಲಿ ತನಕ ಬರವಲ್ವು. ಫ್ಯೂಸ್ ನೋಡು."

ಮೂರನೇ ಫ್ಯೂಸಿಗಿ ಬೆಳ್ಳಿ ಕಾಗದ ಸುತ್ತಿತ್ತು.
ಸುತ್ತಿದಾಕಿ ನಾನೇ, ಶ್ರಾವಣದಾಗ. ಹೇಳಲಿಲ್ಲ.
ಬಿಚ್ಚೋ ಸಪ್ಪಳಕ್ಕೇ ಅಂವ ಅಂದ:
"ಸಾಯಬೇಕಾದದ್ದು ಸಾಯಲಿ ಬಿಡು, ತಂಗಿ.
ಅದಕ್ಕ ಬೆಳ್ಳಿ ತೊಡಿಸಿದರ ಮನಿ ಸುಡ್ತದ."

ಹೊಸಾದು ಹಾಕಿದೆ. ಏನೂ ಇಲ್ಲ.
"ಈಗ ಕ್ಲಿಪ್ಪು ಗಾಡಿ ಮೈಗಿ ಹಚ್ಚು,
ದಬ್ಬಣ ಫ್ಯೂಸಿಗಿ. ಹತ್ತಿತೇನು?"
"ಹತ್ಯಾದ," ಅಂದೆ. ವ್ಯಾಳ್ಯಾ ಹತ್ತಾಗಿ ಇಪ್ಪತ್ತು.
"ಹೆಂಗ ಹತ್ಯಾದ?"

ಬಾಯಿ ಕಟ್ಟಿತು.
ಧಂದಾ ಹೆಂಗ ನಡದದ? ನಡದದ.
ಮಣಕಾಲು? ಅದ.
ಹಿಂಗೇ ಹೇಳಿ ಹೇಳಿ ರೂಢಿ ಆಗಿತ್ತು.
ಬಗ್ಗಿ ಬಲ್ಬು ನೋಡಿದೆ, ಮೊದಲ ಸಲ ನೋಡಿದಂಗ.
"ಅರಿಷಿಣ," ಅಂದೆ. "ಆರಸಲಿಕ್ಕ ಮರತು
ಮುಂಜಾನಿ ತನಕ ಬಿಟ್ಟ ಬೀದಿದೀಪದಂಗ."
ಉಸ್ತಾದ ತೊಡಿ ತಟ್ಟಿದ. "ಸಿಕ್ಕ ಕಳ್ಳ! ಅರ್ತ್ ಇಲ್ಲ."

ಅರ್ಥ ಇಲ್ಲ ಅಂದಂಗ ಕೇಳಿತು ನಂಗ.
ಏಳನೆತ್ತದಾಗ ಮಾಸ್ತರು ಪದ್ಯ ಓದಿಸಿ ಕೇಳೋರು,
ಅರ್ಥ ಆಯ್ತೇನು?
ಆಯ್ತ್ರೀ ಸರ್, ಅರವತ್ತು ಗಂಟಲಿಲೆ.
ಹೆಂಗ ಆಯ್ತು ಅಂತ ಕೇಳಿದವರೇ ಇಲ್ಲ.

"ಆಕ್ಸಿಲೇಟರ್ ಕೇಬಲ್ ಮುಟ್ಟು."
ಮುಟ್ಟಿದೆ. ಕೈ ಜಗ್ಗಿದೆ. ತವಾದಂಗ ಸುಡ್ತಿತ್ತು.
"ಹೋದ ಕರಂಟು ತಿರುಗಿ ಬರಬೇಕಲ್ಲ.
ತನ್ನ ಹಾದಿ ಮುಚ್ಚಿದರ
ಮಂದಿ ಹಿತ್ತಲ ಹಾದು ಬರ್ತದ.
ಅದಕ್ಕೇ ಆ ಇಂಡಿಕೇಟರ್ ಗೋಣು ಹಾಕ್ತಿತ್ತು."

ತಳಗ ಒಂದು ದಪ್ಪ ಪಟ್ಟಿ, ಒಂದು ಬೋಲ್ಟು.
ಸುತ್ತ ಫ್ಯಾಕ್ಟರಿ ಧೂಳು
ಮಳಿನೀರು ಕುಡದು ಕಲ್ಲಾಗಿತ್ತು.
ನನ್ನ ಗಾಡಿಯೊಳಗೇ ಒಂದು ಸಣ್ಣ ಗ್ವಾಡಿ
ಕಟ್ಟಿಬಿಟ್ಟಿತ್ತು ವಾಡಿ, ಬಿಲ್ಲಿಲ್ಲದ ಸಿಮೆಂಟಿಲೆ.

ಪಾನಾ ಬೆರಳಿಲೆ ಅಳದು ಕೊಟ್ಟ.
ಕೆರದೆ. ತುಕ್ಕು ಹೋಗಿ, ಬಣ್ಣ ಹೋಗಿ
ಬೆತ್ತಲ ಕಬ್ಬಿಣ ಹೊಳಿಯೋ ತನಕ.
ಬಿಗದೆ. ಕೀಲಿ ತಿರುವಿದೆ.
ಲೈಟು ಹೋಗಿ ಉಸ್ತಾದನ ಮಾರಿ ಮ್ಯಾಲ ಬಿತ್ತು.
ಅಂವ ರೆಪ್ಪಿ ಬಡಿಲಿಲ್ಲ.
ಹಾರ್ನ್ ಒತ್ತಿದೆ. ಲೈಟೂ ಬಡಿಲಿಲ್ಲ.

ರೊಕ್ಕ ಬ್ಯಾಡ ಅಂದ.
ಒಂದು ಡಬ್ಬಿ ಇಳಿಸಿದೆ, ನಂದು.
ಮುಚ್ಚಳ ತೆಗದು ವಾಸನಿ ಹಿಡದು
"ಪುಂಡಿ," ಅಂದ. ಆಮ್ಯಾಗ,
"ಹ್ಞಾಂ, ಹೇಳಲಿಲ್ಲ ನೀ. ಹೆಂಗ ಹತ್ಯಾದ?"
"ಬಲಗಡಿದು ಬರೋಬರಿ ಅದ.
ಎಡಗಡಿದು ಜರಾ ಮ್ಯಾಲಕ್ಕ
ನಿನ್ನ ಬೇವಿನ ಗಿಡ ನೋಡ್ಲತ್ಯಾದ."
"ನೋಡಲಿ ಬಿಡು," ರೊಟ್ಟಿ ಮುರಕೋತ ಅಂದ,
"ನಾಳಿ ಬಗ್ಗಸೋಣು."