ಅಳತೆ

ಟೇಪು ನನ್ನದೇ. ಕೊರಳಿಂದ ತೆಗೆದು ಕೊಟ್ಟೆ.
ಫಿಸಿಯೋ ಹುಡುಗಿ ದಾಕ್ಷಾಯಿಣಿ
ತನ್ನದು ಮರೆತು ಬಂದಿದ್ದಳು.
ಮಂಡಿಚಿಪ್ಪಿನ ಮೇಲೆ ನಾಲ್ಕು ಬೆರಳು ಬಿಟ್ಟು ಸುತ್ತಿದಳು:
ಎಡತೊಡೆ ಹದಿನೇಳೂವರೆ, ಬಲತೊಡೆ ಹದಿನಾರು.
ಅವಳು ಬರೆದುಕೊಳ್ಳುವ ಮೊದಲೇ ಅಂದೆ,
ಒಂದೂವರೆ ಇಂಚು ಹೆಚ್ಚುಕಮ್ಮಿ ಬಂದರೆ
ನಮ್ಮಲ್ಲಿ ಬಿಚ್ಚಿ ಮತ್ತೆ ಹೊಲಿಯುತ್ತೇವೆ ಕಣಮ್ಮ.

ಹದಿನಾಲ್ಕು ತಿಂಗಳಾಯಿತು.
ಮಂಡ್ಯದ ಸಕ್ಕರೆ ಫ್ಯಾಕ್ಟರಿ ತಿರುವಿನಲ್ಲಿ
ಟ್ರಾಕ್ಟರಿನಿಂದ ಜಾರಿದ ಒಂದೇ ಒಂದು ಜಲ್ಲೆ,
ಅದರ ಮೇಲೆ ನನ್ನ ಸ್ಕೂಟರಿನ ಮುಂದಿನ ಚಕ್ರ.
ನೆನಪಿರುವುದು ರಸ್ತೆ ತುಂಬ ಚೆಲ್ಲಿದ ಹುಕ್ಕುಗಳು,
ಯಾರೋ ಪುಣ್ಯಾತ್ಮ ನನ್ನನ್ನು ಬಿಟ್ಟು
ಅವನ್ನೇ ಆಯುತ್ತಿದ್ದ.

ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದೆ:
ಒಂದು ಪಟ್ಟಿ, ಏಳು ಸ್ಕ್ರೂ.
ಒಳಗೆ ಒಳ್ಳೆ ಕೈಕೆಲಸ.
ಹೊರಗಿನ ಹೊಲಿಗೆ ಮಾತ್ರ ಅವಸರದ್ದು,
ಒಂದು ಕಡೆ ಸುಕ್ಕು ಹಿಡಿದಿದೆ.
ಡಾಕ್ಟರಿಗೆ ಹೇಳಲಿಲ್ಲ.

ಮೂರು ತಿಂಗಳು ಪಾದ ನೆಲಕ್ಕೆ ಊರುವಂತಿರಲಿಲ್ಲ.
ಆಮೇಲೆ ವಾಕರು, ಆಮೇಲೆ ಕೋಲು.
ನೋಡಲು ಬಂದವರೆಲ್ಲ ಕಾಲುಸೂಪು ಕುಡಿ ಅಂದರು.
ಕುಡಿದೆ.
ಎಷ್ಟು ಕುರಿಗಳ ಮಂಡಿ ನನ್ನ ಮಂಡಿಗೆ ಹೋಯಿತೋ,
ಪಾಪ, ಅವಕ್ಕೆ ಲೆಕ್ಕ ಇಟ್ಟವರಿಲ್ಲ.

ಈಗ ನೂರಹತ್ತು ಡಿಗ್ರಿ ಬಾಗುತ್ತದೆ.
ಅಂದರೆ ಬಸ್ಸು ಹತ್ತಬಹುದು, ಬಲಗಾಲು ಹಿಂದೆ.
ಕುರ್ಚಿಯಲ್ಲಿ ಕೂತು ಮುದ್ದೆ ಮುರಿಯಬಹುದು.
ಪಂಕ್ತಿಯಲ್ಲಿ ಆಗದು.
ಬಿದ್ದ ಸೂಜಿ ಎತ್ತಲು
ಕೋಲಿನ ತುದಿಗೆ ಅಯಸ್ಕಾಂತ ಕಟ್ಟಿದ್ದೇನೆ.
ಗಂಡ ಹೊಸದಾಗಿ ಕಮೋಡು ಹಾಕಿಸಿದ;
ಕೂತಾಗಲೆಲ್ಲ ಯಾವುದೋ ಲಾಡ್ಜಿನಲ್ಲಿದ್ದ ಹಾಗೆ,
ಬೇಗ ಖಾಲಿ ಮಾಡಬೇಕೆನ್ನುವ ಹಾಗೆ.
ಮಾಗಿಯ ಬೆಳಗು, ನಾನು ಏಳುವ ಮೊದಲೇ
ಪಟ್ಟಿ ಎದ್ದಿರುತ್ತದೆ.

ಮೆಷಿನ್ನಿಗೆ ಮೋಟರು ಹಾಕಿಸು ಅಂದರು. ಹಾಕಿಸಿದೆ.
ಅದು ಓಡುತ್ತದೆ, ಹಿಂದೆ ನಾನು.
ತುಳಿಯುವಾಗ ಹಾಗಿರಲಿಲ್ಲ.
ಕಂಕುಳ ತಿರುವು ಬಂತೆಂದು
ಕಣ್ಣಿಗಿಂತ ಮೊದಲು ಪಾದಕ್ಕೆ ತಿಳಿಯುತ್ತಿತ್ತು.

ಇನ್ನೆಷ್ಟು ದಿನ ಅಂತ ದಾಕ್ಷಾಯಿಣಿಯನ್ನು ಕೇಳಿದೆ.
ಟೇಪು ಸುತ್ತಿ ಕೈಗಿಟ್ಟಳು.
ನೀವು ಬ್ಲೌಸಿಗೆ ಹೇಳ್ತೀರಲ್ಲಕ್ಕ,
ನಾಳೆ ಬನ್ನಿ, ನಾಡಿದ್ದು ಬನ್ನಿ, ಹಂಗೇ.

ಸಂಜೆ ಗಿರಾಕಿಗಳು ಹೋದ ಮೇಲೆ
ಮೋಟರಿನ ಬೆಲ್ಟು ಕಳಚಿ, ಹಳೆಯ ತೊಗಲಿನದು ಏರಿಸಿ
ಚಿಂದಿಯ ಮೇಲೆ ಒಂದು ಗೇಣು ತುಳಿದೆ.
ನಡುವೆ ಎರಡು ಸಲ ನಿಂತೆ.
ಸೊಟ್ಟ.
ಬಿಚ್ಚಲಿಲ್ಲ.

ಶೆಟರು ಎಳೆಯಲು ಬಂದ ಚಿಕ್ಕತಾಯಿ
ಎತ್ತಿ ನೋಡಿ ಕೇಳಿದಳು,
ಯಾರ್ದಕ್ಕ ಇದು, ಯಾವತ್ತು ಕೊಡ್ಬೇಕು?